ದೇವಸ್ಥಾನದ ಉತ್ಸವದಲ್ಲಿ ಬತ್ತಿ ಕೋವಿ ಹಾರಿಸಲು ಕರೆಯುತ್ತಿದ್ದಾರೆ, ಹೋಗಲಾ ಬೇಡವಾ?

ನಮಸ್ಕಾರ ಎಲ್ಲರಿಗೂ. ತೋಕ್ಯೋಗೆ ಬಂದು ನಾಲ್ಕು ವರ್ಷ ಆಯಿತು. ಬೇಳೆ, ಸಾರಿನ ಪುಡಿ ತರಲು ನಾವೆಲ್ಲ ಶಿನ್-ಓಕುಬೋಗೆ ಹೋಗುತ್ತೇವೆ ಅಲ್ವಾ, ಅಲ್ಲಿ ಸ್ಟೇಷನ್ ಪಕ್ಕದಲ್ಲೇ ಕೈಚೂ ಇನಾರಿ ಅಂತ ಒಂದು ಶಿಂತೋ ದೇವಸ್ಥಾನ ಇದೆ. ಒಂದು ಸೆಪ್ಟೆಂಬರ್‌ನಲ್ಲಿ ಚೀಲ ಹಿಡಿದುಕೊಂಡು ಬರುವಾಗ ಕವಚ ತೊಟ್ಟವರ ಮೆರವಣಿಗೆ ಎದುರಾಯಿತು. ಎಲ್ಲರ ಕೈಯಲ್ಲೂ ಉದ್ದನೆಯ ಹಳೇ ಕೋವಿ. ಆಮೇಲೆ ಅವರು ಹಾರಿಸಿದ ಸದ್ದಿಗೆ ಎದೆಗೂಡು ಅದುರಿ ಹೋಯಿತು. ಈ ಕಥೆಯನ್ನು ಆಫೀಸಿನಲ್ಲಿ ಹೇಳಿದೆ. ಸಹೋದ್ಯೋಗಿಯ ಮಾವ ಬೇರೆ ಊರಿನ ಇಂಥದೇ ಒಂದು ತಂಡದಲ್ಲಿ ಇದ್ದಾರಂತೆ, ನೀನೂ ಸೇರಿಕೋ ಅಂತಿದ್ದಾರೆ. ವಿದೇಶಿಯರು ಸೇರಬಹುದಾ? ಕಾನೂನು ಏನು? ಅಪಾಯ ಎಷ್ಟು? ನನ್ನ ಹೆಂಡತಿ ಮಾತ್ರ 'ಗನ್ ಮುಟ್ಟಿದರೆ ವೀಸಾ ಹೋಗುತ್ತೆ' ಅಂತ ಒಂದೇ ಹಠ. ಅನುಭವ ಇದ್ದವರು ದಯವಿಟ್ಟು ಹೇಳಿ.

ದಾವಣಗೆರೆಯವ, ಈಗ ಶಿಗಾ

ಸಾರ್, ನಾನು ಆರು ವರ್ಷದಿಂದ ಒಂದು ತಂಡದಲ್ಲಿ ಇದ್ದೇನೆ, ವೀಸಾ ಇನ್ನೂ ಇದೆ. ಮೊದಲು ಕಾನೂನು. ಇಲ್ಲಿ ಬಂದೂಕಿನ ವಿಷಯ ಬಹಳ ಬಿಗಿ. ಆದರೆ ಮೇಜಿ ಕಾಲಕ್ಕಿಂತ, ಅಂದರೆ 1868ಕ್ಕಿಂತ ಹಿಂದಿನ ಹಳೇ ಬತ್ತಿ ಕೋವಿಯನ್ನು ಪ್ರಾಚೀನ ವಸ್ತು ಅಂತ ನೋಡುತ್ತಾರೆ. ಅದನ್ನು ಪ್ರಾಂತದ ಶಿಕ್ಷಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಪೊಲೀಸರಲ್ಲ, ಶಿಕ್ಷಣ ಮಂಡಳಿ! ನನಗೂ ಮೊದಲು ನಂಬಿಕೆ ಬರಲಿಲ್ಲ. ನೋಂದಣಿ ಇರುವುದು ಮನುಷ್ಯನಿಗಲ್ಲ, ಕೋವಿಗೆ. ಆ ಚೀಟಿ ಸದಾ ಕೋವಿಯ ಜೊತೆಗೇ ಇರಬೇಕು, ಕೈ ಬದಲಾದರೆ 20 ದಿನದೊಳಗೆ ತಿಳಿಸಬೇಕು. ನಿಮ್ಮದಂತೂ ಶುರುವಿನಲ್ಲಿ ತಂಡದ ಕೋವಿಯೇ ಆಗಿರುತ್ತದೆ, ಹಾಗಾಗಿ ಈ ತಲೆನೋವು ಇಲ್ಲ. ಎಲ್ಲೋ ಹಳೇ ಸಾಮಾನಿನ ಅಂಗಡಿಯಲ್ಲಿ ಚೀಟಿ ಇಲ್ಲದ ಕೋವಿ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಆಗ ನಿಮ್ಮ ಮನೆಯವರು ಹೇಳಿದ್ದೇ ನಿಜವಾಗುತ್ತದೆ.

ಕೋವಿಗೆ ಹಾಕುವ ಸಿಡಿಮದ್ದಿನ ಕಾನೂನು ಬೇರೆ. ಕೊಳ್ಳಲು, ಬಳಸಲು ತಂಡವೇ ಮುಂಚಿತವಾಗಿ ಅನುಮತಿ ತೆಗೆದುಕೊಳ್ಳುತ್ತದೆ, ನಮ್ಮಲ್ಲಿ ಮದ್ದನ್ನು ಗ್ರಾಂ ಲೆಕ್ಕದಲ್ಲಿ ಬರೆದಿಡುತ್ತಾರೆ. ಉಳಿದದ್ದನ್ನು ನೆನಪಿಗೆ ಅಂತ ಒಂದು ಚಿಟಿಕೆಯೂ ಮನೆಗೆ ತರುವ ಹಾಗಿಲ್ಲ. ಉತ್ಸವದಲ್ಲಿ ಗುಂಡು ಇರುವುದಿಲ್ಲ, ಬರೀ ಮದ್ದು.

ನಾನು ಸೇರಿದ್ದು ಊರಿನ ಕಾರಣಕ್ಕೆ. ನಮ್ಮ ಪ್ರಾಂತದ ಕುನಿತೋಮೋ ಕೋವಿ ಮಾಡುವ ಕಮ್ಮಾರರ ಊರಾಗಿತ್ತು. 1543ರಲ್ಲಿ ಪೋರ್ಚುಗೀಸರು ತಾನೇಗಾಶಿಮಾ ದ್ವೀಪಕ್ಕೆ ಬಂದಾಗ ಅಲ್ಲಿನ ಪಾಳೆಯಗಾರ ಎರಡು ಕೋವಿ ಕೊಂಡನಂತೆ, ಅಲ್ಲಿಂದ ಶುರುವಾಗಿ ಸ್ವಲ್ಪ ವರ್ಷದಲ್ಲೇ ಸಾಕಾಯ್, ಕುನಿತೋಮೋಗಳಲ್ಲಿ ಕಮ್ಮಾರರು ತಾವೇ ಮಾಡತೊಡಗಿದರು. ಅದಕ್ಕೇ ಇಂದಿಗೂ ಈ ಕೋವಿಯನ್ನು ತಾನೇಗಾಶಿಮಾ ಅಂತಲೂ ಕರೆಯುತ್ತಾರೆ.

ವಿದೇಶಿಯರನ್ನು ಸೇರಿಸಿಕೊಳ್ಳುವುದು ಆಯಾ ತಂಡಕ್ಕೆ ಬಿಟ್ಟದ್ದು. ನನಗೆ ಕೇಳಿದ್ದು ಒಂದೇ, ಅಪ್ಪಣೆ ಕೊಟ್ಟರೆ ಅರ್ಥವಾಗುತ್ತಾ ಅಂತ. 'ನಿಲ್ಲಿಸು' ಅನ್ನುವ ಜಪಾನಿ ಮಾತು ಅರೆನಿದ್ದೆಯಲ್ಲೂ ತಿಳಿಯಬೇಕು, ಅಷ್ಟು ಬಂದರೆ ಮಿಕ್ಕಿದ್ದು ಕಲಿಸುತ್ತಾರೆ.

ಕೊಡಗಿನ ಹುಡುಗ

ಅಣ್ಣ, ನಾನು ಕೊಡವ. ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ, ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಹಾಗಾಗಿ ಇಲ್ಲಿ ಪೂಜಾರಿ ಬಿಳಿ ಕಾಗದದ ಕುಚ್ಚು ಕಟ್ಟಿದ ಕೋಲನ್ನು ನಮ್ಮ ತಲೆ ಮೇಲೆ, ಕೋವಿಗಳ ಮೇಲೆ ಬೀಸಿ ಶುದ್ಧಿ ಮಾಡಿದಾಗ ನನಗೆ ಏನೂ ವಿಚಿತ್ರ ಅನಿಸಲಿಲ್ಲ. ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಂದು ಸಲ ಬಾಗುವುದು. ಅಷ್ಟೇ.

ಆದರೆ ಊರಲ್ಲಿ ಕೋವಿ ಹಿಡಿದಿದ್ದೇನೆ ಅನ್ನುವ ಜಂಬ ಮೊದಲ ದಿನವೇ ಇಳಿಯಿತು. ಜಪಾನಿ ಕೋವಿಗೆ ಹೆಗಲಿಗೆ ಕೊಡುವ ಹಿಂಭಾಗವೇ ಇಲ್ಲ. ಮರದ ತುದಿ ಗಿಡ್ಡ, ಅದನ್ನು ಕೆನ್ನೆಗೆ ಒತ್ತಿ ಹಿಡಿಯಬೇಕು. ನಾನು ಮತ್ತೆ ಮತ್ತೆ ಹೆಗಲಿಗೆ ಎಳೆದುಕೊಳ್ಳುತ್ತಿದ್ದೆ, ಗುರುಗಳು ಮತ್ತೆ ಮತ್ತೆ ಬೆತ್ತದಿಂದ ಮೊಣಕೈ ತಟ್ಟುತ್ತಿದ್ದರು. ಏನೂ ಗೊತ್ತಿಲ್ಲದವರು ನನಗಿಂತ ಬೇಗ ಕಲಿತರು.

ಕೆಲಸ ಮಾಡುವ ರೀತಿ ಹೇಳುತ್ತೇನೆ, ಅಪಾಯ ಎಲ್ಲಿದೆ ಅಂತ ಆಗ ಗೊತ್ತಾಗುತ್ತದೆ. ನಳಿಗೆಯ ಬಾಯಿಂದ ಮದ್ದು ಹಾಕಿ ಗಜ ಅನ್ನುವ ಉದ್ದ ಕೋಲಿನಿಂದ ಜಡಿಯುತ್ತೇವೆ. ಪಕ್ಕದಲ್ಲಿ ಪುಟ್ಟ ಬಟ್ಟಲು ಇದೆ, ಅದಕ್ಕೆ ನುಣ್ಣನೆಯ ಮದ್ದು, ನಮ್ಮ ಹಳಬರು ರಂಜಕ ಅನ್ನುತ್ತಿದ್ದರಲ್ಲ, ಅದು. ಬಟ್ಟಲಿಗೆ ಮುಚ್ಚಳ ಹಾಕಿದ ಮೇಲೆಯೇ ಹೊಗೆಯಾಡುವ ಬತ್ತಿಯನ್ನು ಕುದುರೆಗೆ, ಅಂದರೆ ಬತ್ತಿಯನ್ನು ಬಟ್ಟಲಿಗೆ ಇಳಿಸುವ ಕೊಕ್ಕೆಗೆ, ಸಿಕ್ಕಿಸುವುದು. ಈ ಮುಚ್ಚಳಕ್ಕೆ ಹಿಬುತಾ ಅಂತಾರೆ. ಅಪ್ಪಣೆಯಾದಾಗ ಅದನ್ನು ತೆರೆಯುವುದೇ 'ಹಿಬುತಾ ಓ ಕಿರು'. ಚುನಾವಣೆಯೋ ಕ್ರಿಕೆಟ್ಟಿನಂಥ ಆಟವೋ ಶುರುವಾದರೂ ಇಲ್ಲಿನ ಟಿವಿಯವರು ಇದೇ ಮಾತು ಹೇಳುತ್ತಾರೆ, ಈಗ ಕೇಳಿದಾಗಲೆಲ್ಲ ನನಗೆ ಮೂಗಿಗೆ ಗಂಧಕದ ವಾಸನೆ ಬರುತ್ತದೆ. ಮುಚ್ಚಳ ತೆರೆದ ಕ್ಷಣದಿಂದ ಹಾರುವವರೆಗೆ ಕಿಡಿಗೂ ಮದ್ದಿಗೂ ನಡುವೆ ಬರೀ ಗಾಳಿ. ಅಲ್ಲಿ ಯಾರೂ ತಲೆ ತಿರುಗಿಸಿ ಫೋಟೋಗೆ ನಗಬಾರದು.

ನಿಜವಾದ ಅಪಾಯ ಮಾತ್ರ ಸದ್ದು ಮಾಡುವ ಕೋವಿಯಲ್ಲಿ ಇಲ್ಲ, ಸದ್ದು ಮಾಡದ ಕೋವಿಯಲ್ಲಿ ಇದೆ. ಹತ್ತು ಜನ ಒಟ್ಟಿಗೆ ಹಾರಿಸಿದಾಗ ಹೊಗೆ, ಗದ್ದಲ, ನನ್ನ ಬಟ್ಟಲಿನ ರಂಜಕ ಮಾತ್ರ ಭುಸ್ ಅಂತ ಉರಿದು ಒಳಗಿನ ಮದ್ದು ಹಾಗೇ ಉಳಿದಿದ್ದರೂ ನಾನು ಹಾರಿಸಿದೆ ಅಂತಲೇ ಅಂದುಕೊಳ್ಳುತ್ತೇನೆ, ಯಾಕೆಂದರೆ ಗುಂಡಿಲ್ಲದ ಈಡಿಗೆ ಒದೆತ ಅಷ್ಟಾಗಿ ಇರುವುದಿಲ್ಲ. ಆಮೇಲೆ ಅದರ ಮೇಲೇ ಇನ್ನೊಂದು ಈಡು ಮದ್ದು ಸುರಿದರೆ? ನನಗೆ ಎರಡನೇ ಉತ್ಸವದಲ್ಲಿ ಹೀಗೇ ಆಗುವುದರಲ್ಲಿತ್ತು. ಪಕ್ಕದಲ್ಲಿದ್ದ ಅಜ್ಜ ನೋಡಿ ನನ್ನ ಕೈ ಹಿಡಿದರು. ಸಂಶಯ ಬಂದರೆ ನಳಿಗೆ ಮುಂದಕ್ಕೇ ಇರಲಿ, ಕದಲಬೇಡಿ, ಕೈ ಎತ್ತಿ ಕಾಯಿರಿ. ನಾಚಿಕೆ ಪಡಬೇಡಿ. ನಮ್ಮ ತಂಡದಲ್ಲಿ ಗಜಕ್ಕೆ ಗುರುತು ಹಾಕಿದ್ದೇವೆ, ಖಾಲಿ ನಳಿಗೆಯಲ್ಲಿ ಅದು ಎಲ್ಲಿಯವರೆಗೆ ಇಳಿಯಬೇಕು ಅಂತ.

ಶಿರಸಿ ಹುಡುಗಿ, ಸೈತಾಮಾ

ಹೆಂಗಸರೂ ಇದ್ದೇವೆ ಕಣ್ರೀ, ನಿಮ್ಮವರನ್ನೂ ಕರೆದುಕೊಂಡು ಬನ್ನಿ. ಗಂಡಸರು ಹೇಳದ ವಿಷಯ ನಾನು ಹೇಳುತ್ತೇನೆ. ಹುಲ್ಲಿನ ಚಪ್ಪಲಿ, ಅಂದರೆ ವರಾಜಿ, ಮೊದಲ ಅರ್ಧ ಗಂಟೆಯಲ್ಲೇ ಬೆರಳ ಸಂದು ಕತ್ತರಿಸುತ್ತದೆ. ಮನೆಯಲ್ಲೇ ಟೇಪು ಸುತ್ತಿಕೊಂಡು ಹೋಗಿ. ಒಳಗಡೆ ಹತ್ತಿ ಬಟ್ಟೆಯೇ ಇರಲಿ, ಪಾಲಿಸ್ಟರ್ ಮೇಲೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಿವಿಗೆ ಪ್ಲಗ್ ಬೇಕೇ ಬೇಕು, ನನ್ನ ಕನ್ನಡಕದ ಎಡಗಾಜಿನ ಮೇಲೆ ಇಂದಿಗೂ ಕಿಡಿಯ ಚುಕ್ಕೆ ಇದೆ. ಕವಚ ಕಟ್ಟಿಕೊಳ್ಳುವ ಮೊದಲು ಟಾಯ್ಲೆಟ್ಟಿಗೆ ಹೋಗಿಬನ್ನಿ. ಇದು ತಮಾಷೆ ಅಲ್ಲ, ಬಿಚ್ಚಿ ಮತ್ತೆ ಕಟ್ಟಲು ಇನ್ನೊಬ್ಬರ ಸಹಾಯ ಬೇಕು, ಅಷ್ಟರಲ್ಲಿ ಮೆರವಣಿಗೆ ಹೊರಟುಹೋಗಿರುತ್ತದೆ.

ಕೈಚೂ ಇನಾರಿ ಬಗ್ಗೆ ಒಂದು ಮಾತು. ಆ ಜಾಗದ ಹೆಸರು ಹ್ಯಾಕುನಿನ್-ಚೋ, ನೂರು ಜನರ ಪೇಟೆ. ತೊಕುಗಾವಾ ಶೋಗನ್‌ಗಳು ಆಳುತ್ತಿದ್ದ ಕಾಲದ ನೂರು ಜನ ಕೋವಿಯವರ ಪಡೆ ಅಲ್ಲಿ ಇತ್ತು. ಗುರಿ ತಪ್ಪುತ್ತಿದ್ದ ಒಬ್ಬನ ಕನಸಿನಲ್ಲಿ ಇನಾರಿ ದೇವರು ಬಂತಂತೆ, ಮರುದಿನ ಎಲ್ಲ ಏಟೂ ಗುರಿಗೆ ಬಿದ್ದವಂತೆ. ಕೈಚೂ ಅಂದರೆ ಎಲ್ಲವೂ ತಾಗಿತು ಅಂತ. ಈಗ ಅಲ್ಲಿ ಲಾಟರಿ ಹೊಡೆಯಲಿ, ಸಂಗೀತ ಕಾರ್ಯಕ್ರಮದ ಟಿಕೆಟ್ ಸಿಗಲಿ ಅಂತ ಬೇಡಿಕೊಳ್ಳುವವರೇ ಜಾಸ್ತಿ. ಆ ಪಡೆಯವರು ಸಂಬಳ ಸಾಲದೆ ಅಜೇಲಿಯಾ ಹೂಗಿಡ ಬೆಳೆಸಿ ಮಾರುತ್ತಿದ್ದರಂತೆ, ನನಗೆ ಅವರ ಮೇಲೆ ಪ್ರೀತಿ ಬಂದಿದ್ದು ಅದನ್ನು ಕೇಳಿ. ಮೆರವಣಿಗೆ ಎರಡು ವರ್ಷಕ್ಕೊಮ್ಮೆ, ಹಾಗಾಗಿ ಮುಂದಿನ ಸೆಪ್ಟೆಂಬರ್ ಅಂತ ಸುಮ್ನೆ ಹೋಗಿ ನಿಲ್ಲಬೇಡಿ.

ಬಿಟ್ಟು ಬಂದವನು

ಎಲ್ಲರೂ ಹೊಗಳುತ್ತಿದ್ದಾರೆ, ನಾನು ಇನ್ನೊಂದು ಕಡೆ ಹೇಳುತ್ತೇನೆ. ಎರಡು ವರ್ಷ ಇದ್ದು ಬಿಟ್ಟೆ. ಮೊದಲ ವರ್ಷ ನನ್ನ ಕೈಗೆ ಕೋವಿ ಬರಲೇ ಇಲ್ಲ, ಬಾವುಟ ಹೊತ್ತೆ, ಬತ್ತಿ ಆರದಂತೆ ಕಾದೆ, ನೀರಿನ ಬಕೆಟ್ ಹಿಡಿದೆ. ಅದು ಸರಿಯೇ, ತಕರಾರಿಲ್ಲ. ನಾನು ಬಿಟ್ಟಿದ್ದು ಬೇರೆ ಕಾರಣಕ್ಕೆ. ಒಂದು ಉತ್ಸವದಲ್ಲಿ ಅವಸರ ಮಾಡಿದರು, ಒಬ್ಬರು ಗಜವನ್ನು ನಳಿಗೆಯಲ್ಲೇ ಮರೆತರು. ಗುಂಡಿಲ್ಲದಿದ್ದರೇನು, ಗಜವೇ ಬಾಣದ ಹಾಗೆ ಹೋಗುತ್ತದೆ. ಹಾರಿಸುವ ಮೊದಲೇ ಕಂಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ಊಟಕ್ಕೆ ಕೂತಾಗ ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅದು ನನಗೆ ಹಿಡಿಸಲಿಲ್ಲ. ಹಾಗಾಗಿ ತಂಡದ ಕವಚ ಚೆನ್ನಾಗಿದೆಯಾ ಅಂತ ನೋಡಬೇಡಿ. ಈಡು ಹಾರದಿದ್ದಾಗ ಏನು ಮಾಡುತ್ತಾರೆ, ಗಜ ಲೆಕ್ಕ ಹಾಕುತ್ತಾರಾ, ಮಳೆ ಬಂದರೆ ನಿಲ್ಲಿಸುತ್ತಾರಾ, ಅಭ್ಯಾಸದ ದಿನ ದೂರ ನಿಂತು ಅದನ್ನು ನೋಡಿ.

ಸೇರುವ ಮೊದಲು ಒಂದೆರಡು ಕಡೆ ಬರೀ ನೋಡಿಬನ್ನಿ. ನವೆಂಬರ್ 3ಕ್ಕೆ ಮೇಜಿ ದೇವಸ್ಥಾನದಲ್ಲಿ ಹಳೇ ಯುದ್ಧಕಲೆಗಳ ಪ್ರದರ್ಶನ ಇರುತ್ತದೆ, ಕೊನೆಯಲ್ಲಿ ಮೊರಿಶಿಗೆ ಅನ್ನುವ ಕೋವಿ ವಿದ್ಯೆಯ ಪಂಥದವರು ಕವಚ ತೊಟ್ಟು ಕೋವಿ ಹಾರಿಸುತ್ತಾರೆ. ದೂರ ಹೋಗುವ ಮನಸ್ಸಿದ್ದರೆ ಮೇ 3ಕ್ಕೆ ಯೋನೆಜಾವಾ, ಉಯೆಸುಗಿ ಉತ್ಸವ. ಅಲ್ಲಿನವರದು ದಪ್ಪ ನಳಿಗೆಯ ಕೋವಿ, ಸದ್ದು ಹೊಟ್ಟೆಯಲ್ಲಿ ಕೇಳಿಸುತ್ತದೆ.

ಕೊಡಗಿನ ಹುಡುಗ

ಬಿಟ್ಟು ಬಂದವರ ಮಾತು ಪೂರ್ತಿ ಒಪ್ಪಿದೆ. ಒಂದು ಮರೆತಿದ್ದೆ, ತೊಳೆಯುವುದು. ಹಾರಿಸುವುದು ಹತ್ತು ನಿಮಿಷ, ತೊಳೆಯುವುದು ಒಂದೂವರೆ ಗಂಟೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಮದ್ದಿನ ಮಸಿಯನ್ನು ಒಂದು ರಾತ್ರಿ ಬಿಟ್ಟರೂ ಕಬ್ಬಿಣಕ್ಕೆ ತುಕ್ಕು. ಮರದಿಂದ ನಳಿಗೆ ಬಿಡಿಸಿ ಕುದಿಯುವ ನೀರು ಸುರಿಯಬೇಕು, ಬಟ್ಟೆ ಎಳೆಯಬೇಕು, ನೀರು ತಿಳಿಯಾಗುವವರೆಗೆ. ಕೊಳೆತ ಮೊಟ್ಟೆಯ ವಾಸನೆ. ನೂರೈವತ್ತು ವರ್ಷಕ್ಕಿಂತ ಹಳೇ ವಸ್ತು, ಕೆಟ್ಟರೆ ಹೊಸದು ಮಾಡಿಸಿ ನೋಂದಾಯಿಸುವ ಹಾಗಿಲ್ಲ, ಆದ್ದರಿಂದ ಈ ಕೆಲಸ ತಪ್ಪಿಸಿಕೊಂಡವನನ್ನು ಅಜ್ಜಂದಿರು ಮರೆಯುವುದಿಲ್ಲ.

ಕೇಳಿದವ

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ, 'ನೋಡಿಕೊಂಡು ಬಾ, ಮುಟ್ಟಬೇಡ' ಅನ್ನುವ ಮಟ್ಟಕ್ಕೆ ಬಂದಿದ್ದಾಳೆ. ಈ ಭಾನುವಾರ ಅಭ್ಯಾಸ ನೋಡಲು ಕರೆದಿದ್ದಾರೆ. ಖಾಲಿ ಕೈಯಲ್ಲಿ ಹೋಗುವುದು ಚೆನ್ನಾಗಿರುವುದಿಲ್ಲ ಅಲ್ವಾ, ಏನು ತಗೊಂಡು ಹೋಗಲಿ?

ಶಿರಸಿ ಹುಡುಗಿ, ಸೈತಾಮಾ

ಒಂದು ಹಳೇ ಟವೆಲ್, ಕಿವಿಯ ಪ್ಲಗ್. ತಿಂಡಿ ಒಯ್ಯುವುದಾದರೆ ಒಂದೊಂದೂ ಬೇರೆ ಬೇರೆ ಪೊಟ್ಟಣದಲ್ಲಿ ಇರುವಂಥದ್ದು ತಗೊಳ್ಳಿ. ತಿನ್ನುವ ಹೊತ್ತಿಗೆ ಎಲ್ಲರ ಕೈಯೂ ಮಸಿಯಾಗಿರುತ್ತದೆ.