ಅಪ್‌ಡೇಟ್: ತಂಗಿ ಫಾರಿನ್ ಸ್ಕಾಲರ್‌ಶಿಪ್ ವಿಷ್ಯ

ಹೋದ್ಸಲ ಕೇಳಿದ್ನಲ್ಲ, ನಮ್ಮ ಚಿಕ್ಕಪ್ಪನ ಮಗ್ಳು ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗ್ಸಿದಾಳೆ, ಹಾಡಿ (ನಮ್ ಬುಡಕಟ್ಟು ಜನ ಇರೋ ಊರು) ಹುಡುಗ್ರಿಗೆ ಟ್ಯೂಷನ್ ಹೇಳ್ತಾಳೆ, ಅರಣ್ಯ ಹಕ್ಕು ಅರ್ಜಿಗಳಿಗೂ ಓಡಾಡ್ತಾಳೆ, ಯುಕೆಗೆ ಮಾಸ್ಟರ್ಸ್‌ಗೆ ಹೋಗೋಕೆ ದುಡ್ಡಿಗೇನ್ ಮಾಡೋದು ಅಂತ. ತುಂಬಾ ಜನ ಕೇಂದ್ರ ಬುಡಕಟ್ಟು ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಿ ಅಂದ್ರಿ, ಅದಕ್ಕೇ ಹಾಕಿದ್ವಿ.

ವರ್ಷಕ್ಕೆ ಇಡೀ ದೇಶಕ್ಕೆ 20 ಸೀಟು, ಅದ್ರಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ. ನಮ್ ರಾಜ್ಯದಲ್ಲಿ ಆ ಪಟ್ಟಿಲಿರೋದು ಜೇನುಕುರುಬ, ಕೊರಗ ಎರಡೇ, ನಾವು ಜೇನುಕುರುಬ್ರು. ಆದ್ರೆ ದೇಶದಲ್ಲಿ ಅಂಥ 75 ಸಮುದಾಯ ಇವೆ, ಮೂರು ಸೀಟಿಗೆ! ಮನೆ ಆದಾಯ 6 ಲಕ್ಷ ದಾಟಬಾರ್ದು, ಅದು ನಮಗೆ ತಲೆನೋವೇ ಅಲ್ಲ ಬಿಡಿ.

ತಲೆನೋವು ಬಂದಿದ್ದು ಜಾತಿ ಸರ್ಟಿಫಿಕೇಟ್ ಹತ್ರ. ಅವ್ಳ ಶಾಲೆ ದಾಖಲೆಲಿ ಬರೀ 'ಕುರುಬ' ಅಂತ ಬರ್ದಿದಾರೆ, ಹಾಗಿದ್ರೆ ಅದು ಬೇರೆ ಜಾತಿ, ಎಸ್‌ಟಿನೇ ಅಲ್ಲ ಅಂದ್ಬಿಟ್ರು ಕೌಂಟರಲ್ಲಿ, ಆಮೇಲೆ ಅಪ್ಪನ ಹಳೇ ಸರ್ಟಿಫಿಕೇಟು, ಹಾಡಿ ಯಜಮಾನ್ರ ಹೇಳಿಕೆ, ಸ್ಥಳ ಪರಿಶೀಲನೆ ಎಲ್ಲಾ ಆಗಿ ಕೊನೇ ಗಳಿಗೆಲಿ ಕೈಗೆ ಬಂತು. ಮನೇಲಿ ಇಂಥ ಕೇಸ್ ಇದ್ರೆ ಈಗ್ಲೇ ಸರಿ ಮಾಡಿಸ್ಕೊಳ್ಳಿ.

ಲಿಸ್ಟಲ್ಲಿ ಹೆಸ್ರು ಬಂದಿದೆ! ಫೀಸು, ವಿಮಾನದ ಟಿಕೆಟ್ಟು, ಯುಕೆಲಾದ್ರೆ ಖರ್ಚಿಗೆ ವರ್ಷಕ್ಕೆ 9,900 ಪೌಂಡು. ಲಂಡನ್ನಿಗೆ ಅದು ಸಾಲಲ್ಲ ಅಂತಾರೆ, ಅದಕ್ಕೆ ಅವ್ಳು ಬೇರೆ ಊರಿನ ಯೂನಿವರ್ಸಿಟಿ ನೋಡ್ತಿದಾಳೆ. ಯುಕೆಲಿ ಲಂಡನ್ ಬಿಟ್ಟು ಬೇರೆ ಊರಲ್ಲಿ ಓದ್ತಿರೋರು ಯಾರಾದ್ರೂ ಇದ್ರೆ ರೂಮ್ ಬಾಡಿಗೆ ಎಷ್ಟಾಗುತ್ತೆ ಹೇಳ್ರಪ್ಪಾ.