ಲೈಟ್ ಇಳಿಸಿದರೆ ಸ್ಪೀಕರ್‌ನಲ್ಲಿ ಜುಂಯ್ ಸದ್ದು: ನಾಳಿದ್ದೇ ನಾಟಕ, ದಯವಿಟ್ಟು ಹೇಳಿ

ಪರದೆ_ಹಿಂದೆ (ಗುಬ್ಬಿ):
ನಮಸ್ಕಾರ. ಗುಬ್ಬಿ ಹತ್ತಿರ ನಮ್ಮೂರಲ್ಲಿ ಮೂರು ದಿನ ಬಯಲಲ್ಲಿ ಉತ್ಸವ. ಎರಡು ದಿನ ಪೌರಾಣಿಕ ನಾಟಕ, ಕೊನೇ ದಿನ ಮೂಡಲಪಾಯ (ನಮ್ಮ ಬಯಲುಸೀಮೆಯ ಯಕ್ಷಗಾನ). ವೇದಿಕೆ ಉಸ್ತುವಾರಿ ನನ್ನದು. ನಿನ್ನೆ ರಿಹರ್ಸಲ್‌ನಲ್ಲಿ ಕುಂತಿ ಕರ್ಣನನ್ನು ನೋಡಲು ಬರುವ ಸೀನ್. ಲೈಟ್ ನಿಧಾನಕ್ಕೆ ಇಳಿಸಿದೆವು. ಸ್ಪೀಕರ್ ಒಳಗೆ ಜೀರುಂಡೆ ಕೂತಂತೆ ಜುಂಯ್ ಅಂತ ಶುರುವಾಯಿತು. ಕಂದಪದ್ಯ ಎತ್ತಿಕೊಳ್ಳಲು ಕುಂತಿಗೆ ಶ್ರುತಿಯೇ ಸಿಗಲಿಲ್ಲ.

1000 ವ್ಯಾಟ್‌ನ 12 ಪಾರ್ ಲೈಟ್ (ವೇದಿಕೆಯ ಡಬ್ಬಿ ದೀಪ), ಬೆಳಕು ಏರಿಸಿ ಇಳಿಸುವ ಡಿಮ್ಮರ್, ತ್ರೀ ಫೇಸ್ 25 ಕೆವಿಎ ಜನರೇಟರ್, ನಾಲ್ಕು ತೂಗು ಮೈಕು, ಎಫೆಕ್ಟ್‌ಗೆ ಲ್ಯಾಪ್‌ಟಾಪ್. ಮಿಕ್ಸರ್ ಜನರ ಹಿಂದೆ, ವೇದಿಕೆಯಿಂದ 100 ಅಡಿ. ಆಂಪ್ಲಿಫೈಯರ್ ಪ್ಲಗ್‌ನ ಅರ್ಥಿಂಗ್ ಪಿನ್ ಕಿತ್ತರೆ ಸರಿಹೋಗುತ್ತೆ ಅಂತ ಸೌಂಡ್ ಹುಡುಗ ಹೇಳುತ್ತಿದ್ದಾನೆ. ಕೀಳಬಹುದಾ? 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರಿನ ಪಕ್ಕದವರು ನಾವು. ಇಲ್ಲಿ ಜನ ಒಂದೊಂದು ಪದ್ಯವನ್ನೂ ಕಿವಿಗೊಟ್ಟು ಕೇಳುತ್ತಾರೆ.

ಶ್ರುತಿಬದ್ಧ (ತುಮಕೂರು):
ಬೇಡ ಅಣ್ಣ, ಆ ಪಿನ್ ಮುಟ್ಟಲೇಬೇಡಿ. ಆಂಪ್ಲಿಫೈಯರ್ ಒಳಗೆ ಎಲ್ಲಾದರೂ ಲೀಕ್ ಆದರೆ ಕರೆಂಟನ್ನು ನೆಲಕ್ಕೆ ಇಳಿಸುವುದು ಅದೊಂದೇ. ಭಾಗವತರು ಬರಿಗಾಲಲ್ಲಿ ನಿಂತಿರುತ್ತಾರೆ, ತುಟಿ ಮೈಕಿನ ಜಾಲರಿಗೆ ತಾಗುತ್ತಿರುತ್ತದೆ. ಸದ್ದು ಹೋಗಲಿ ಅಂತ ಜೀವದ ಜೊತೆ ಆಟ ಆಡಬಾರದು.

ಮೂರು ವಿಷಯ ನೋಡಿ ಹೇಳಿ. ಲೈಟ್ ಪೂರ್ತಿ ಆಫ್ ಆದರೂ ಸದ್ದು ಉಳಿಯುತ್ತಾ? ಲೈಟಿನ ಫೇಡರ್ (ಜಾರಿಸುವ ಹಿಡಿ) ಅರ್ಧದಲ್ಲಿದ್ದಾಗ ಜಾಸ್ತಿಯಾ, ಪೂರ್ತಿ ಏರಿಸಿದಾಗ ಜಾಸ್ತಿಯಾ? ಲ್ಯಾಪ್‌ಟಾಪ್ ಚಾರ್ಜರ್ ತೆಗೆದರೆ ಏನಾಗುತ್ತೆ? ಮತ್ತೆ, ಮಿಕ್ಸರ್‌ಗೆ ಕರೆಂಟ್ ಎಲ್ಲಿಂದ?

ಪರದೆ_ಹಿಂದೆ:
ಈಗಷ್ಟೇ ನೋಡಿ ಬಂದೆ. ಲೈಟ್ ಆಫ್ ಆದರೂ ಸಣ್ಣಗೆ ಗುಂ ಅಂತಿದೆ. ಚಾರ್ಜರ್ ಕಿತ್ತರೆ ಅದು ಮುಕ್ಕಾಲು ಪಾಲು ಹೋಗುತ್ತೆ. ಜುಂಯ್ ಅನ್ನೋದು ಫೇಡರ್ ಅರ್ಧದಲ್ಲಿದ್ದಾಗಲೇ ಜೋರು, ಪೂರ್ತಿ ಏರಿಸಿದರೆ ಕಡಿಮೆ. ಮಿಕ್ಸರ್‌ಗೆ ಪಕ್ಕದ ಶಾಲೆ ಕೊಠಡಿಯಿಂದ ವೈರ್ ಎಳೆದಿದ್ದೇವೆ.

ಶ್ರುತಿಬದ್ಧ:
ಹಾಗಾದರೆ ನಿಮ್ಮದು ಒಂದಲ್ಲ, ಎರಡು ತೊಂದರೆ.

ಗುಂ ಅನ್ನೋದು ಅರ್ಥಿಂಗ್ ಕಥೆ. ಆಂಪ್ಲಿಫೈಯರ್ ಜನರೇಟರ್ ಮೇಲೆ, ಮಿಕ್ಸರ್ ಶಾಲೆಯ ಲೈನ್ ಮೇಲೆ. ಎರಡು ಕಡೆಯ ಅರ್ಥಿಂಗ್ ಒಂದೇ ಮಟ್ಟದಲ್ಲಿರುವುದಿಲ್ಲ. ಆ ವ್ಯತ್ಯಾಸ ನಿಮ್ಮ ಆಡಿಯೋ ಕೇಬಲ್ ಶೀಲ್ಡ್ (ಒಳತಂತಿ ಸುತ್ತಿನ ಲೋಹದ ಹೊದಿಕೆ) ಹಿಡಿದು ಹರಿಯುತ್ತೆ, 50 ಹರ್ಟ್ಜ್ ಗುಂ ಆಗಿ ಕೇಳುತ್ತೆ. ಶಾಲೆಯ ವೈರ್ ಬಿಟ್ಟುಬಿಡಿ. ಆಂಪ್ಲಿಫೈಯರ್ ಇರುವ ಬೋರ್ಡ್‌ನಿಂದಲೇ ಮಿಕ್ಸರ್‌ಗೂ ಲೈನ್ ಎಳೆಯಿರಿ. ಲ್ಯಾಪ್‌ಟಾಪ್‌ಗೆ ಡಿಐ ಬಾಕ್ಸ್ (ಮಿಕ್ಸರ್‌ಗೆ ಸಿಗ್ನಲ್ ದಾಟಿಸುವ ಪುಟ್ಟ ಪೆಟ್ಟಿಗೆ) ಹಾಕಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಇದು ಸಿಗ್ನಲ್ ಕೇಬಲ್‌ನ ಶೀಲ್ಡ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥಿಂಗ್ ಹಾಗೇ ಇರುತ್ತದೆ. ಪಿನ್ ಕೀಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ, ಆ ಹುಡುಗನಿಗೂ ತಿಳಿಸಿ ಹೇಳಿ.

ಜುಂಯ್ ಡಿಮ್ಮರ್‌ನದು. ಅದು ಕರೆಂಟಿನ ಅಲೆಯನ್ನು ಕತ್ತರಿಸಿ ಬೆಳಕು ತಗ್ಗಿಸುತ್ತದೆ. ಅರ್ಧಕ್ಕೆ ಇಟ್ಟಾಗ ಅಲೆ ಎತ್ತರದಲ್ಲಿರುವಾಗಲೇ ಕತ್ತರಿ ಬೀಳುತ್ತೆ, ಅದಕ್ಕೇ ಸದ್ದು ಜಾಸ್ತಿ. ಸೌಂಡ್‌ಗೆ ಒಂದು ಫೇಸ್ ಪೂರ್ತಿ ಬಿಟ್ಟುಕೊಡಿ. ಲೈಟನ್ನು ಉಳಿದ ಎರಡಕ್ಕೆ ಆರಾರು ಹಂಚಿ. ಫೇಸಿಗೆ 6 ಕಿಲೋವ್ಯಾಟ್, ಅಂದರೆ ಸುಮಾರು 26 ಆಂಪಿಯರ್, ನಿಮ್ಮ ಜನರೇಟರ್ ತಡೆಯುತ್ತೆ. ನ್ಯೂಟ್ರಲ್ ವೈರ್ ಫೇಸ್ ವೈರ್‌ನಷ್ಟೇ ದಪ್ಪ ಇರಲಿ. ಈ ಕೆಲಸ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಜನರೇಟರ್‌ಗೆ ಅರ್ಥಿಂಗ್ ರಾಡ್ ನೆಲಕ್ಕೆ ಹೊಡೆದಿದ್ದಾರಾ ಅಂತ ನೀವೇ ಹೋಗಿ ಕಣ್ಣಾರೆ ನೋಡಿ.

ಬೆಳಕಿನ_ಅಕ್ಕ (ಚಿಕ್ಕಬಳ್ಳಾಪುರ):
ಕೇಬಲ್ ಹೇಗೆ ಹಾಸಿದ್ದೀರಿ? ಮೈಕ್ ಕೇಬಲ್, ಲೈಟ್ ಕೇಬಲ್ ಎರಡನ್ನೂ ಒಟ್ಟಿಗೆ ಟೇಪ್ ಸುತ್ತಿ ಎಳೆಯುವ ಅಭ್ಯಾಸ ನಮ್ಮ ಕಡೆ ಬಹಳ. ಕನಿಷ್ಠ ಒಂದು ಅಡಿ ಅಂತರ ಬಿಡಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ.

ಪರದೆ_ಹಿಂದೆ:
ಅಕ್ಕ, ನೀವು ಕೇಳಿದ್ದಕ್ಕೆ ಪರದೆ ಹಿಂದೆ ಹೋಗಿ ನೋಡಿದೆ. ಮಿಕ್ಕ ಮೈಕ್ ಕೇಬಲ್ ಸುರುಳಿ ಸುತ್ತಿ ಡಿಮ್ಮರ್ ಪೆಟ್ಟಿಗೆ ಮೇಲೇ ಇಟ್ಟಿದ್ದರು! ಎತ್ತಿ ಆಚೆ ಇಟ್ಟ ಕೂಡಲೇ ಜುಂಯ್ ಅರ್ಧ ಇಳಿಯಿತು. ಸಂಜೆ ಎಲೆಕ್ಟ್ರಿಷಿಯನ್ ಫೇಸ್ ಬದಲಾಯಿಸಿದರು. ಮಿಕ್ಸರ್ ಲೈನ್ ಬೋರ್ಡ್‌ಗೇ ಬಂತು. ಡಿಐ ಬಾಕ್ಸ್ ತುಮಕೂರಿಂದ ಬಾಡಿಗೆಗೆ ತರಿಸಿದೆವು. ಕುಂತಿ ಸೀನ್ ಮತ್ತೆ ಮಾಡಿಸಿದೆ. ಫೇಡರ್ ಅರ್ಧಕ್ಕೆ ಬಂದಾಗ ಹಾರ್ಮೋನಿಯಂ ತಿದಿ ಎಳೆಯುವ ಸದ್ದೂ ಕೇಳಿಸಿತು. ಮನಸ್ಸು ತುಂಬಿ ಬಂತು.

ಇನ್ನೊಂದೇ ಪ್ರಶ್ನೆ. ಮೂಡಲಪಾಯದ ದಿನ ಮುಖವೀಣೆಗೆ (ಊದುವ ವಾದ್ಯ) ಮೈಕ್ ಎಷ್ಟು ದೂರ ಇಡಲಿ?

ಶ್ರುತಿಬದ್ಧ:
ಅದರ ದನಿ ತುಂಬಾ ಚೂಪು, ಬಾಯಿಗೇ ಇಡಬೇಡಿ. ಎರಡು ಅಡಿ ದೂರ, ಸ್ವಲ್ಪ ಪಕ್ಕಕ್ಕೆ ಓರೆಯಾಗಿ. ನುಡಿಸುವವರನ್ನು ಸಂಜೆಯೇ ಕರೆದು ಒಂದು ಪದ ನುಡಿಸಿ ನೋಡಿ. ವೇಷ ಕಟ್ಟಿದ ಮೇಲೆ ಯಾರಿಗೂ ಪುರುಸೊತ್ತು ಇರಲ್ಲ.