ಅಪ್‌ಡೇಟ್: ಓಟ, ಸುಸ್ತು ಮತ್ತು ನನ್ನ ಫೆರಿಟಿನ್

ಹಿಮೋಗ್ಲೋಬಿನ್ ಸರಿಯಿದ್ದರೂ ಓಡುವಾಗ ಯಾಕಿಷ್ಟು ಸುಸ್ತು ಅಂತ ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆ. ನೀವು ಹೇಳಿದ ಹಾಗೆ ಫೆರಿಟಿನ್ ಟೆಸ್ಟ್, ಅಂದ್ರೆ ಮೈಯಲ್ಲಿ ಎಷ್ಟು ಕಬ್ಬಿಣ ಕೂಡಿಟ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ, ಮಾಡಿಸಿದೆ. ಬರೀ 14 ಇತ್ತು. ಅಂದ್ರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತಾ ಬಂದಿತ್ತು.

ಜೋರಾಗಿ ಓಡಿದ ಮೇಲೆ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನು ಜಾಸ್ತಿ ಬಿಡುತ್ತದಂತೆ. ಓಟ ಮುಗಿದು 3ರಿಂದ 6 ಗಂಟೆ ಕಳೆಯುವ ಹೊತ್ತಿಗೆ ಅದು ಏರಿರುತ್ತದೆ. ಆಗ ಕರುಳು ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹಾಗಾಗಿ ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಈಗ ಬೆಳಿಗ್ಗೆ ಓಟಕ್ಕೆ ಮುಂಚೆಯೇ ನಿಂಬೆ ಪಾನಕದ ಜೊತೆ ತಗೊಳ್ತೀನಿ. ಕಾಫಿ ಆಮೇಲೆ, ತಡವಾಗಿ.

ಓಡುವವರೆಲ್ಲ ದಯವಿಟ್ಟು ಗಮನಿಸಿ: ಲಾಂಗ್ ರನ್ ಮಾಡಿದ ಮರುದಿನವೇ ಈ ಟೆಸ್ಟ್‌ಗೆ ರಕ್ತ ಕೊಡಬೇಡಿ. ಉರಿಯೂತದಿಂದ ಫೆರಿಟಿನ್ ಇರೋದಕ್ಕಿಂತ ಜಾಸ್ತಿ ಕಾಣಿಸುತ್ತದೆ. ಟೆಸ್ಟ್ ಇಲ್ಲದೆ ಸುಮ್ನೆ ಮಾತ್ರೆ ನುಂಗಲೂಬೇಡಿ.

ಮರು ಟೆಸ್ಟ್‌ನಲ್ಲಿ ನನ್ನ ಫೆರಿಟಿನ್ 31 ಬಂದಿದೆ. ಏರು ರಸ್ತೆಯಲ್ಲಿ ಏದುಸಿರು ಕಡಿಮೆಯಾಗಿದೆ.